ಮುಚ್ಚದ ರೆಪ್ಪೆ

ಗಂಡ ಸತ್ತು ಮೂರು ದಿನವಾದರೂ ಅವಳ ಕೆನ್ನೆ ಒಣಗಿರಲಿಲ್ಲ. ಮಾತಾಡಿಸಲು ಬಂದವರೆಲ್ಲ ಅದನ್ನು ನೋಡಿ ತಾವೂ ಅತ್ತರು.

"ಸಾಕು ಸುಮ್ನಿರಿ ಅತ್ತಿಗೆ. ಇಷ್ಟು ಅತ್ರೆ ನಮ್ಮಣ್ಣ ಎದ್ದು ಬರ್ತಾನಾ?" ಎಂದು ನಾದಿನಿ ಅವಳ ಬೆನ್ನು ಸವರಿದಳು.

ಪಕ್ಕದಲ್ಲಿ ಕೂತಿದ್ದ ಮಗಳಿಗೆ ತಡೆಯಲಾಗಲಿಲ್ಲ. "ಅಮ್ಮ ಅಳ್ತಾ ಇಲ್ಲ ಅತ್ತೆ. ಎಡಗಣ್ಣಿನ ರೆಪ್ಪೆ ಮುಚ್ಚಲ್ಲ. ರೆಪ್ಪೆ ಬಡೀತಿದ್ರೆ ತಾನೇ ಕಣ್ಣು ತೇವವಾಗಿರೋದು? ಇದು ಗಾಳಿಗೆ ಒಣಗುತ್ತೆ, ಉರಿಯುತ್ತೆ, ಅದಕ್ಕೇ ಹೀಗೆ ನೀರು ಸುರಿಯುತ್ತೆ. ರಾತ್ರಿ ನಾನೇ ಟೇಪ್ ಅಂಟಿಸಿ ಮುಚ್ತೀನಿ."

"ಹೌದಲ್ವೇನೇ, ಬಸ್ಸಿನ ಕಿಟಕೀಲಿ ತಣ್ಣನೆ ಗಾಳಿ ಬಡಿದು ಮುಖ ಸೊಟ್ಟಗಾಯ್ತು ಅಂತ ನಿಮ್ಮಪ್ಪನೇ ಹೇಳಿದ್ದ."

"ಹೇಳಿದ್ದೂ ಅಪ್ಪನೇ, ಹೊಡೆದಿದ್ದೂ ಅಪ್ಪನೇ."

ಮಗಳು ಕೂತವರ ಕಡೆ ತಿರುಗಿದಳು.

"ಅಂಥವರಿಗೋಸ್ಕರ ಅಮ್ಮ ಯಾಕೆ ಅಳ್ತಾಳೆ? ಬಲಗಣ್ಣು ಚೆನ್ನಾಗೇ ಇದೆಯಲ್ಲ, ಬೇಕಾದ್ರೆ ನೋಡಿ, ಅದ್ರಲ್ಲಿ ಒಂದು ಹನಿ ಇದ್ಯಾ?"

ಎಲ್ಲರೂ ತಿರುಗಿ ನೋಡಿದರು.

ಅವಳು ಬಲಗಣ್ಣಿಗೆ ಒತ್ತಿಹಿಡಿದಿದ್ದ ಸೆರಗು ಪೂರ್ತಿ ಒದ್ದೆಯಾಗಿತ್ತು.