ಕಂದು ಹಿಡಿದ ಸ್ಲೈಡ್

"ಕ್ಯಾನ್ಸರ್ ತಾನೇ? ಬಾಯಿ ಬಿಟ್ಟು ಹೇಳ್ಬಿಡಿ ಡಾಕ್ಟರಮ್ಮ," ಎಂದರು ಲ್ಯಾಬಿನ ಆಯಾ, ಬಾಗಿಲಲ್ಲೇ ನಿಂತು. ಸೂಕ್ಷ್ಮದರ್ಶಕದ ಕೆಳಗಿದ್ದದ್ದು ಅವರದೇ ತುಣುಕು. ಬಲ ಮೂತ್ರಪಿಂಡಕ್ಕೆ ಅಂಟಿಕೊಂಡ ಗಡ್ಡೆಯಿಂದ ಸೂಜಿ ಹಾಕಿ ತೆಗೆದದ್ದು. ಕ್ಯಾನ್ಸರ್ ಆಗಿದ್ದರೆ ಗಡ್ಡೆಯ ಜೊತೆ ಮೂತ್ರಪಿಂಡವನ್ನೂ ತೆಗೆಯಬೇಕಿತ್ತು.

ಹಿಂದಿನ ದಿನ ಈ ಕಿರಿಯ ಡಾಕ್ಟರಮ್ಮ ಕೊಬ್ಬಿನ ನಡುವೆ ಅಂಕುಡೊಂಕಾದ ಕೆಲವು ಕೋಶಗಳನ್ನು ಕಂಡು, ಕೊಬ್ಬಿನ ಕ್ಯಾನ್ಸರ್ ಎಂದೇ ವರದಿ ಬರೆದಿದ್ದಳು. ದೊಡ್ಡ ಡಾಕ್ಟರು ಸಹಿ ಹಾಕಲಿಲ್ಲ. "ಆ ದಪ್ಪ ಗೋಡೆಯ ರಕ್ತನಾಳ ನೋಡಿದ್ಯಾ? ಅದರ ಸುತ್ತ ಕೂತಿರೋರು ಯಾರು ಅಂತ ಮೊದಲು ವಿಚಾರಿಸು. ಇನ್ನೊಂದು ಸ್ಲೈಡಿಗೆ ವಿಶೇಷ ಬಣ್ಣ ಹಾಕ್ಸು. ಕೊಬ್ಬಿನ ಕ್ಯಾನ್ಸರ್ ಆದ್ರೆ ಅದು ಕಂದು ಹಿಡಿಯಲ್ಲ, ಸಾಧು ಗಡ್ಡೆ ಆದ್ರೆ ಹಿಡಿಯುತ್ತೆ," ಎಂದಿದ್ದರು.

ಈಗ ಆ ಸ್ಲೈಡನ್ನು ಸರಿಸುತ್ತಿದ್ದ ಅವಳ ಬೆರಳು ನಿಂತಿತು. ರಕ್ತನಾಳದ ಸುತ್ತಲಿನ ಕೋಶಗಳು ಬಣ್ಣ ಕುಡಿದು ದಟ್ಟ ಕಂದಾಗಿದ್ದವು. "ಸರ್, ಕಂದು!" ಎಂದು ಕೂಗಿಯೇಬಿಟ್ಟಳು. ದೊಡ್ಡ ಡಾಕ್ಟರು ಅದೇ ಸೂಕ್ಷ್ಮದರ್ಶಕಕ್ಕೆ ಎದುರಿನಿಂದ ಜೋಡಿಸಿದ್ದ ಇನ್ನೊಂದು ಜೋಡಿ ಮಸೂರಕ್ಕೆ ಬಾಗಿ ನೋಡಿದರು. ನಕ್ಕರು. "ಕ್ಯಾನ್ಸರ್ ಅಲ್ಲ ಆಯಮ್ಮ, ಸಾಧು ಗಡ್ಡೆ. ನಿಮ್ಮ ಕಿಡ್ನಿ ನಿಮ್ಮ ಹತ್ರಾನೇ ಇರುತ್ತೆ."

ಆಯಾ ಒಳಬಂದು, ದೊಡ್ಡ ಡಾಕ್ಟರನ್ನು ಕುರ್ಚಿಯಿಂದ ಎಬ್ಬಿಸಿ ತಾವೇ ಕೂತರು. ಹನ್ನೊಂದು ವರ್ಷ ಒರೆಸಿಟ್ಟ ಯಂತ್ರದೊಳಗೆ ಮೊದಲ ಸಲ ಇಣುಕಿದರು. ಬಹಳ ಹೊತ್ತು ತಲೆ ಎತ್ತಲಿಲ್ಲ.

"ಅಯ್ಯೋ, ಎಷ್ಟು ಚೆಂದ ಇದೆಯಲ್ರೀ! ಡಾಕ್ಟರಮ್ಮ, ಒಂದು ಫೋಟೋ ತೆಗೆದುಕೊಡಿ. ನನ್ನೊಳಗೆ ವಿಷ ಬಿಟ್ರೆ ಏನೂ ಇಲ್ಲ ಅಂತಾರೆ ನಮ್ಮತ್ತೆ. ತೋರಿಸ್ಬೇಕು."