ಹಸಿದ ಎಂಜಿನ್

ಟಣ್. ಸಿಮೆಂಟು ನೆಲದ ಮೇಲೆ ನಟ್ಟೊಂದು ಬಿದ್ದ ಸದ್ದು. ಆಮೇಲೆ ಎಷ್ಟು ಕಿವಿಗೊಟ್ಟರೂ ಏನೂ ಇಲ್ಲ.

ಅವಳು ಎದ್ದು ಕೂತಳು. ಗ್ಯಾರೇಜು ಮನೆಯ ಹಿಂಗೋಡೆಗೆ ಅಂಟಿಕೊಂಡೇ ಇತ್ತು. ಪಕ್ಕದಲ್ಲಿ ಗಂಡನಿರಲಿಲ್ಲ. ಅಡುಗೆಮನೆಗೆ ಹೋದರೆ, ಕತ್ತಲಲ್ಲೇ ನಿಂತು ನೀರು ಕುಡಿಯುತ್ತಿದ್ದ.

"ಸದ್ದು ಕೇಳಿಸ್ತೇನ್ರಿ?"

"ಬೆಕ್ಕಿರಬೇಕು. ಮಲ್ಕೋ ಹೋಗು." ಭುಜದ ಮೇಲಿಟ್ಟ ಅವನ ಕೈ ತಣ್ಣಗಿತ್ತು, ಸೋಪಿನ ವಾಸನೆ ಬರುತ್ತಿತ್ತು.

ಬೆಕ್ಕು ನಟ್ಟು ಬಿಚ್ಚುವುದಿಲ್ಲ. ಕಿಟಕಿಯಿಂದ ಇಣುಕಿದಳು. ಅಂಗಳದಾಚೆ ಮೈದುನನ ಕೋಣೆಯಲ್ಲಿ ದೀಪ ಉರಿಯುತ್ತಿತ್ತು.

ಮತ್ತೆ ಅವಳಿಗೆ ನಿದ್ದೆ ಹತ್ತಲಿಲ್ಲ. ಭಾನುವಾರ ಬೆಟ್ಟದ ರೇಸು. ಒಂದೊಂದೇ ಕಾರು ಬುಡದಿಂದ ತುದಿಗೆ; ಬೇಗ ಹತ್ತಿದವನು ಗೆದ್ದ. ರಸ್ತೆಯ ಒಂದು ಬದಿ ಬಂಡೆ, ಇನ್ನೊಂದು ಬದಿ ಏನೂ ಇಲ್ಲ. ಮಾವನ ಕಾಲು ಊನವಾದದ್ದು ಅಲ್ಲೇ. ಅಂದಿನಿಂದ ಸೀಟು ದೊಡ್ಡ ಮಗನಿಗೆ, ಸ್ಪ್ಯಾನರು ಚಿಕ್ಕವನಿಗೆ ಎಂದು ಅವರು ಹಂಚಿಬಿಟ್ಟಿದ್ದರು. ಚಿಕ್ಕವನು ಎದುರಾಡಿರಲಿಲ್ಲ. ನಕ್ಕಿದ್ದ. ಆ ನಗುವೇ ಅವಳಿಗೆ ಹಿಡಿಸುತ್ತಿರಲಿಲ್ಲ.

ಈ ಸಲ ಮೈದುನ ಟರ್ಬೊದ ಒತ್ತಡ ಏರಿಸಿದ್ದ. ಟರ್ಬೊ ಎಂಜಿನ್ನಿಗೆ ಗಾಳಿ ತುರುಕುತ್ತದೆ. ಗಾಳಿ ಹೆಚ್ಚಿದಷ್ಟೂ ಪೆಟ್ರೋಲು ಹೆಚ್ಚು ಬೇಕು. ಅದಕ್ಕೆಂದೇ ಪೆಟ್ರೋಲು ಚಿಮ್ಮಿಸುವ ದೊಡ್ಡ ಇಂಜೆಕ್ಟರುಗಳು, ಟ್ಯಾಂಕಿನೊಳಗೆ ದೊಡ್ಡ ಪಂಪು.

"ಪೆಟ್ರೋಲು ಸಾಲದೆ ಹೋದ್ರೆ?" ಎಂದು ಅವಳು ಮೊನ್ನೆ ಊಟದ ಹೊತ್ತಿನಲ್ಲಿ ಕೇಳಿದ್ದಳು.

"ಹಸಿದ ಎಂಜಿನ್ ತನ್ನನ್ನೇ ತಿನ್ನುತ್ತೆ ಅತ್ತಿಗೆ. ಬಿಸಿ ಏರಿ ಪಿಸ್ಟನ್ನೇ ಕರಗಿಹೋಗುತ್ತೆ. ನಿಮ್ಮ ಅಡುಗೆ ತಿಂದೂ ಅಣ್ಣ ಗಟ್ಟಿಯಾಗಿದಾನಲ್ಲ, ಎಂಜಿನ್ ಅಷ್ಟು ಗಟ್ಟಿ ಅಲ್ಲ."

ಮಾವ ನಕ್ಕಿದ್ದರು. ಗಂಡ ನಕ್ಕಿರಲಿಲ್ಲ. "ಕರಗೋಕೆ ಎಷ್ಟು ಹೊತ್ತು?" ಎಂದಿದ್ದ, ತಟ್ಟೆಯಿಂದ ತಲೆಯೆತ್ತದೆ.

"ಮೊದಲನೇ ಉದ್ದನೆ ಏರಿಗೇ ಕತೆ ಮುಗೀತು."

ಶನಿವಾರ ಬೆಳಿಗ್ಗೆ, ತೊಳೆಯಲೆಂದು ಕಾರನ್ನು ಹೊರತೆಗೆಯಲು ಗಂಡ ಕೀಲಿ ತಿರುಗಿಸಿದಾಗ ಅವಳು ಬಟ್ಟೆ ಒಣಹಾಕುತ್ತಿದ್ದಳು. ಹೊಸ ಪಂಪು ಬಂದಾಗಿನಿಂದ ಕೀಲಿ ತಿರುಗಿಸಿದೊಡನೆ ಕಾರಿನ ಹಿಂಭಾಗ ಜೀರುಂಡೆಯಂತೆ ಕಿರುಚುತ್ತಿತ್ತು. ಇಂದು ಬರೀ ಗುಂಯ್ ಎಂದಿತು. ಹಳೆಯ ಚಿಕ್ಕ ಪಂಪಿನ ಮೆತ್ತನೆ ದನಿ. ಅವಳು ಗಂಡನ ಮುಖ ನೋಡಿದಳು. ಅವನು ಗಮನಿಸಿದಂತೆಯೇ ಕಾಣಲಿಲ್ಲ.

ಹೇಳಬೇಕೆಂದು ಬಾಯಿ ತೆರೆದಳು. ಏನೆಂದು ಹೇಳುವುದು? ನಿಮ್ಮ ತಮ್ಮನೇ ನಿಮ್ಮನ್ನು ಪ್ರಪಾತಕ್ಕೆ ಕಳಿಸುತ್ತಿದ್ದಾನೆ ಎಂದೇ? ನಾಳೆ ಸ್ಟಿಯರಿಂಗ್ ಹಿಡಿಯಬೇಕಾದವನು ಇವತ್ತು ಅಂಗಳ ದಾಟಿಸಲೇ ಎರಡು ಸಲ ಗೇರು ತಪ್ಪಿಸಿದ. ಅಳೆದು ತೂಗಿ ನೋಡಿ ಬಾಯಿ ಮುಚ್ಚಿದಳು.

ರಸ್ತೆ ನೋಡಿ ಬರಲು ಅಪ್ಪ ಮಕ್ಕಳು ಮೂವರೂ ವ್ಯಾನು ಹತ್ತಿದರು. ಮೈದುನ ಕಿಟಕಿಯಿಂದ ತಲೆ ಹೊರಹಾಕಿ, "ಅತ್ತಿಗೆ, ಅಣ್ಣನ ಚಿಂತೆ ನನಗೆ ಬಿಡಿ. ನೀವು ಆರಾಮಾಗಿರಿ," ಎಂದ.

ವ್ಯಾನು ಮರೆಯಾದದ್ದೇ ತಡ, ಗ್ಯಾರೇಜಿಗೆ ಓಡಿದಳು. ಮದುವೆಯಾಗಿ ಬಂದಂದಿನಿಂದ ಈ ಗಂಡಸರಿಗೆ ಟಾರ್ಚು ಹಿಡಿದು ನಿಂತವಳು. ನೋಡಿ ನೋಡಿಯೇ ಕೆಲಸ ಕೈಗೆ ಬಂದಿತ್ತು. ತೊಳೆದು ಮತ್ತೆ ಒಳಗೆ ನಿಲ್ಲಿಸಿದ್ದ ಕಾರಿನ ಹಿಂದಿನ ಸೀಟು ಎತ್ತಿ, ಅದರಡಿಯ ಮುಚ್ಚಳ ತೆಗೆದು, ಪಂಪನ್ನು ಮೇಲೆಳೆದಳು. ಹಳೆಯದೇ. ಹೊಸದು ಕಪಾಟಿನ ಹಿಂದೆ ಸಿಕ್ಕಿತು. ಒಗೆದ ಬಟ್ಟೆಯಲ್ಲಿ, ಎಳೆಗೂಸನ್ನು ಸುತ್ತಿದಂತೆ ಸುತ್ತಿಟ್ಟಿತ್ತು. ಕೇಡು ಬಗೆಯುವವನಿಗೆ ಇಷ್ಟು ಜೋಪಾನವೇ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಯೋಚಿಸುತ್ತ ಕೂರಲು ಹೊತ್ತಿರಲಿಲ್ಲ.

ಅವರು ಬರುವಷ್ಟರಲ್ಲಿ ಹೊಸ ಪಂಪು ಟ್ಯಾಂಕಿನಲ್ಲಿತ್ತು, ಹಳೆಯದು ಬಟ್ಟೆಯಲ್ಲಿ. ಸಂಜೆ ಕಾರನ್ನು ಕೀಲಿ ತಿರುಗಿಸದೆ, ಲಾರಿಗೆ ತಳ್ಳಿಯೇ ಹತ್ತಿಸಿದರು; ಪಂಪಿನ ದನಿ ಯಾರಿಗೂ ಕೇಳಿಸಲಿಲ್ಲ.

ಭಾನುವಾರ ಬೆಟ್ಟದ ಬುಡದಲ್ಲಿ ಎಂಜಿನ್ನುಗಳ ಗದ್ದಲದಲ್ಲಿ ಪಕ್ಕದವರ ಮಾತೇ ಕೇಳಿಸುತ್ತಿರಲಿಲ್ಲ. ಹೆಲ್ಮೆಟ್ ತೊಡುವ ಮುನ್ನ ಗಂಡ ಅವಳ ಕಿವಿಯ ಬಳಿ ಬಾಗಿದ. ರಾತ್ರಿಯೆಲ್ಲ ಹೊರಳಾಡಿದವನ ಮುಖ ಈಗ ತಿಳಿಯಾಗಿತ್ತು.

"ಹೆದರ್ಕೋಬೇಡ ಕಣೆ. ಬೇಗ ಬಂದುಬಿಡ್ತೀನಿ."

ಕಾರು ನುಗ್ಗಿತು. ಮೊದಲ ಉದ್ದನೆಯ ಏರು. ಎಂಜಿನ್ ತೊದಲಲಿಲ್ಲ, ಕೆಮ್ಮಲಿಲ್ಲ. ಗರ್ಜಿಸುತ್ತ ಬಂಡೆಯ ತಿರುವಿನಲ್ಲಿ ಮಾಯವಾಯಿತು. ಆಮೇಲೆ ಬರೀ ದನಿ, ಮೇಲೆ, ಇನ್ನೂ ಮೇಲೆ. ಕೊನೆಗೆ ಮೈಕು ಕೂಗಿತು: ಈ ಬೆಟ್ಟವನ್ನು ಇಷ್ಟು ಬೇಗ ಯಾರೂ ಹತ್ತಿರಲಿಲ್ಲ.

ಮಾವ ಊರುಗೋಲನ್ನೇ ಮೇಲಕ್ಕೆಸೆದರು. "ಮುಂದಿನ ತಿಂಗಳು ದೊಡ್ಡ ಬೆಟ್ಟ! ಹೆಸರು ಕೊಟ್ಟೂ ಆಯ್ತು ಕಣ್ರೋ! ನಮ್ಮ ಮನೇಲಿ ಸ್ಟಿಯರಿಂಗಿಗೆ ಬೆನ್ನು ತೋರಿಸಿದೋರು ಯಾರೂ ಇಲ್ಲ!" ಮೈದುನ ಮಗುವಿನಂತೆ ಅಳುತ್ತಿದ್ದ. ಆ ಅಳು ಸುಳ್ಳಾಗಿರಲಿಲ್ಲ. ಅವಳಿಗೆ ಏನೋ ತಪ್ಪಿದೆ ಅನ್ನಿಸಿತು.

ಕೆಳಗಿಳಿದು ಬಂದ ಗಂಡ ಯಾರ ಕೈಗೂ ಸಿಗದೆ ಲಾರಿಯ ಹಿಂದೆ ಹೋಗಿ ವಾಂತಿ ಮಾಡಿಕೊಂಡ. ನೀರು ಹಿಡಿದು ಹೋದ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಎಂಜಿನ್ ಸಾಯಬೇಕಿತ್ತು ಕಣೆ. ಸಾಯ್ಲಿ ಅಂತ ಒತ್ತಿದೆ. ಒತ್ತಿದಷ್ಟೂ ಓಡ್ತು."

"ಏನ್ರೀ ಹಾಗಂದ್ರೆ?"

"ಭಯ. ಅಪ್ಪನ ಹತ್ರ ಹೇಗೆ ಹೇಳ್ಲಿ? ಎಂಜಿನ್ ಹೋದ್ರೆ ಇನ್ನೊಂದು ಕಟ್ಟೋ ಶಕ್ತಿ ನಮಗಿಲ್ಲ, ಅಲ್ಲಿಗೆ ಬಚಾವಾದೆ ಅಂತ ರಾತ್ರೋರಾತ್ರಿ ನಾನೇ ಹಳೇ ಪಂಪು ಹಾಕಿದ್ದೆ. ಯಾರೋ ತೆಗೆದಿದಾರೆ." ಅವನ ದನಿ ಇಳಿಯಿತು. "ತಮ್ಮನೇ. ಅವನಿಗೆ ಸೀಟು ಬೇಕು. ನನ್ನ ಭಯ ಗೊತ್ತಾಗಿಯೂ ಬಾಯಿಬಿಡದೆ ನನ್ನನ್ನ ಸಾಯೋಕೇ ಕಳಿಸಿದ್ದು ಅವನು."

"ಅವರಲ್ಲ ಅನ್ಸುತ್ತೆ."

"ಮತ್ಯಾರು, ಹೇಳು?"

ಅಷ್ಟರಲ್ಲಿ ಮೈದುನ ಎರಡೂ ತೋಳು ಚಾಚಿ, "ಅಣ್ಣಾ!" ಎನ್ನುತ್ತ ಓಡಿಬಂದ. ತನ್ನ ಮಣಿಕಟ್ಟು ಬಿಟ್ಟ ಗಂಡನ ಕೈ ಮುಷ್ಟಿಯಾಗುವುದನ್ನು ಕಣ್ಣಾರೆ ನೋಡುತ್ತಲೇ, ಪಂಪು ಬದಲಿಸಿದ್ದು ತಾನೆಂದು ಯಾರಿಗೂ ಹೇಳುವುದಿಲ್ಲ ಎಂದು ಅವಳು ನಿರ್ಧರಿಸಿದಳು.