ದಾರಿ ಬದಲಾದ ಭಾನುವಾರ

ಹರಿಹರದ ಬಸ್ ಸ್ಟ್ಯಾಂಡ್ ಹತ್ತಿರ ವ್ಯಾನ್ ನಿಂತಾಗ ಉಳಿದವರೆಲ್ಲ ಚಹಾಕ್ಕೆ ಇಳಿದರು. ಸುಮಾ ಬಳೆ ಅಂಗಡಿಗೆ ಹೋದಳು. ಒಂದು ಡಜನ್ ಹಸಿರು ಗಾಜಿನ ಬಳೆ, ಒಂದು ಹಾಳೆ ಬಿಂದಿ, ಒಂದೆಳೆ ಕರಿಮಣಿ. ಕನ್ನಡಿ ನೋಡದೆಯೇ ಹಾಕಿಕೊಂಡಳು.

ಬೆಳಿಗ್ಗೆ ಸರಸ್ವತಿ ನಗರದಿಂದ ಹೊರಟಾಗ ನಡಿಗೆ ಗುಂಪಿನ ಹನ್ನೆರಡು ಜನರೂ ಬಾತಿ ಗುಡ್ಡ ಹತ್ತುವುದೆಂದಿತ್ತು. ಮಳೆಗೆ ಕಾಲುದಾರಿ ಕೊಚ್ಚಿಹೋಗಿತ್ತು. ಮುಂದಾಳು ಬಸವಪ್ರಭು ನಾಲ್ಕು ಹೆಜ್ಜೆ ಇಟ್ಟು ಜಾರಿ, ಮೊಣಕಾಲು ತರಚಿಕೊಂಡು ಇಳಿದ. ಗುಡ್ಡ ಬೇಡ, ಹರಿಹರದಿಂದ ಗುತ್ತೂರಿಗೆ ಹೊಲದ ದಾರಿಯಲ್ಲಿ ನಡೆಯೋಣ ಎಂದ. ಅಷ್ಟಕ್ಕೇ ಬಿಡಲಿಲ್ಲ. ಗುತ್ತೂರಿನಲ್ಲಿದ್ದ ಸುಮಾಳ ಮಾವ ಲಿಂಗಣ್ಣನಿಗೆ ಫೋನ್ ಮಾಡಿ, ಎಲ್ಲರಿಗೂ ತಿಂಡಿ ಹೇಳಿಯೂಬಿಟ್ಟ. ಲಿಂಗಣ್ಣ ಫೋನು ಸೊಸೆಗೆ ಕೊಡಿಸಿದ.

“ಬರಬ್ಯಾಡ್ರಿ ಅನ್ನಾಕಾಗಲಿಲ್ಲವ್ವ. ನಿಮ್ಮತ್ತೆ ಆಗ್ಲೇ ಈರುಳ್ಳಿ ಹೆಚ್ಚಾಕ ಕುಂತಾಳೆ. ಅವರ ಬಾಯಿ ನೀನೇ ನೋಡ್ಕ.”

ಅತ್ತೆ ಅಂಜಿನವ್ವ ಹೃದಯದ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಮಗನನ್ನು, ಸುಮಾಳ ಗಂಡ ಎರ್ರಿಸ್ವಾಮಿಯನ್ನು, ಮಣ್ಣು ಮಾಡಿದ್ದರು. ಸುದ್ದಿ ಕೇಳಿದರೆ ಜೀವ ತಡೆಯುವುದಿಲ್ಲ ಎಂದು ಊರಿಗೆ ಊರೇ ಬಾಯಿ ಹೊಲಿದುಕೊಂಡಿತು. ಅತ್ತೆಗೆ ಹೇಳಿದ ಲೆಕ್ಕದಲ್ಲಿ, ಎಂಟು ತಿಂಗಳಿಂದ ಎರ್ರಿಸ್ವಾಮಿ ಗುಜರಾತಿನಲ್ಲಿ ಗಾಳಿಯಂತ್ರ ಕಟ್ಟುವ ಕೆಲಸದಲ್ಲಿದ್ದಾನೆ. ಹದಿನೈದು ದಿನಕ್ಕೊಮ್ಮೆ ಸುಮಾ ಬೀರುವಿನಿಂದ ತಾಳಿ ತೆಗೆದು ಕಟ್ಟಿಕೊಂಡು, ಕುಂಕುಮ ಇಟ್ಟುಕೊಂಡು ಬಂದು ಅವನ ಕ್ಷೇಮಸಮಾಚಾರ ಹೇಳಿ ಹೋಗುತ್ತಾಳೆ.

ಪುಣ್ಯಕ್ಕೆ ಅಂಜಿನವ್ವ ಕೆದಕಿ ಕೇಳುವವಳಲ್ಲ. ಮಗನಿಗೆ ಫೋನು ಹಚ್ಚಿಕೊಡು ಎಂದು ಒಮ್ಮೆಯೂ ಅಂದಿಲ್ಲ. ಸುಳ್ಳು ಹೇಳುತ್ತ ಸುಮಾ ತಡವರಿಸಿದರೆ, ಅಲ್ಲಿ ಟವರ್ ಸಿಗದಿಲ್ಲೇನೋ ಬಿಡು ಎಂದು ತಾನೇ ಮಾತು ತೇಲಿಸುತ್ತಾಳೆ.

ಹೊಲದ ಬದುವಿನ ಮೇಲೆ ಸುಮಾ ಒಬ್ಬೊಬ್ಬರ ಪಕ್ಕಕ್ಕೂ ಹೋಗಿ, ಅತ್ತೆಯೆದುರು ಎರ್ರಿಸ್ವಾಮಿ ಸತ್ತ ಮಾತು ಎತ್ತಬೇಡಿ ಎಂದು ಕೇಳಿಕೊಂಡಳು. ಎಲ್ಲರೂ ಒಪ್ಪಿದರು. ಬಸವಪ್ರಭು ನಾಚಿಕೆಯಿಂದ ತಲೆ ತಗ್ಗಿಸಿದ. ಅವನ ತಾಯಿ ಕಸ್ತೂರಮ್ಮ ಮಾತ್ರ ನಕ್ಕಳು.

“ನನ್ನ ಬಾಯಿಗೆ ನಮ್ಮ ಮನೆಯವರಿಗೇ ಬೀಗ ಹಾಕಾಕಾಗಿಲ್ಲ. ಆದ್ರೂ ನಿನಗೋಸ್ಕರ ನೋಡ್ತೀನಿ.”

ಗುತ್ತೂರಿನ ಪಕ್ಕದ ಫ್ಯಾಕ್ಟರಿಯ ಚಿಮಣಿ ಹತ್ತಿರವಾಗುತ್ತ ಬಂತು. ಬೆವರಿಗೆ ಬಿಂದಿ ಜಾರಿತು. ಸುಮಾ ಇನ್ನೊಂದು ಅಂಟಿಸಿಕೊಂಡಳು.

ಅಂಜಿನವ್ವ ಅಂಗಳದಲ್ಲಿ ಜಮಖಾನ ಹಾಸಿಯೇ ಇಟ್ಟಿದ್ದಳು. ಬರ್ರಿ, ಕೂಡ್ರಿ ಎಂದು ಎಲ್ಲರನ್ನೂ ಕೂರಿಸಿದಳು. ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿ, ಒಳಗೆ ಹೋಗಿ ಚಹಾ ಸೋಸು ಎಂದಳು. ಮಂಡಕ್ಕಿ ಒಗ್ಗರಣೆ ಬಂತು, ಮಿರ್ಚಿ ಬಂತು. ಯಾರೂ ಮಾತಾಡಲಿಲ್ಲ. ಹನ್ನೆರಡು ಜನ ಬಂದ ಮನೆಯಲ್ಲಿ ಅಂಥ ಮೌನ ಇರಬಾರದಿತ್ತು. ಅದನ್ನು ತಡೆಯಲಾರದೆ ಕಸ್ತೂರಮ್ಮ ಬಾಯಿ ತೆರೆದಳು.

“ಇಂಥ ಸೊಸೆ ಸಿಗಾಕ ಪುಣ್ಯ ಮಾಡಿರಬೇಕು ನೋಡ್ರಿ. ಗಂಡ ಹೋದ ಮ್ಯಾಲೂ…”

ಅಡುಗೆಮನೆಯಲ್ಲಿ ಸುಮಾಳ ಕೈಯ ಸೋಸಣಿಗೆ ಅಲ್ಲೇ ನಿಂತಿತು. ಹೊರಗೆ ಲಿಂಗಣ್ಣ ಸುಮ್ಮನೆ ಕೆಮ್ಮಿದ. ಓಡಿಹೋಗಿ ಅತ್ತೆಯನ್ನು ಹಿಡಿದುಕೊಳ್ಳಬೇಕು ಎಂದು ಸುಮಾಳಿಗೆ ಎನಿಸಿತು. ಆದರೆ ಅಲ್ಲೇ ನಿಂತು, ಅತ್ತೆ ಬೀಳುವ ಸದ್ದಿಗಾಗಿ ಕಾದಳು.

ಕೇಳಿಸಿದ್ದು ಅಂಜಿನವ್ವನ ಪಿಸುದನಿ.

“ಮೆಲ್ಲಕೆ ಮಾತಾಡ್ರಿ ಅಮ್ಮ. ನನಗೆ ಗೊತ್ತೈತೆ ಅಂತ ಆಕಿಗೆ ಗೊತ್ತಿಲ್ಲ. ಹದಿನೈದು ದಿನಕ್ಕೊಂದು ಸಲನಾದ್ರೂ ಆ ಕೂಸು ಮುತ್ತೈದೆ ಆಗಿರ್ಲಿ.”